ತುಟಿಮಾತು

ದೊಡ್ಡಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಕಿಟಕಿಗೆ ಮುಖ ಮಾಡಿ, ಒಳಮನೆಗೆ ಬೆನ್ನು ಮಾಡಿ ಕೂರುವವನು. ಒಳಗಿನಿಂದ ಹೆಂಡತಿ ಏನಾದರೂ ಹೇಳಿದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಕಿವುಡನೇನಲ್ಲ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ಲೋಟವೋ ತಟ್ಟೆಯೋ ಅಂತ ಹೇಳಬಲ್ಲಷ್ಟು ಚುರುಕು ಕಿವಿ. ತೊಂದರೆ ಇದ್ದದ್ದು ಹೆಂಡತಿಯಲ್ಲಿ. ಅವಳು ಮಾತಾಡುವಾಗ ತುಟಿ ಆಡುತ್ತಿತ್ತು, ಹುಬ್ಬು ಆಡುತ್ತಿತ್ತು, ಕೈ ಆಡುತ್ತಿತ್ತು. ದನಿ ಮಾತ್ರ ಬರುತ್ತಿರಲಿಲ್ಲ.

“ದನಿ ಹಾಕೇ,” ಅನ್ನುತ್ತಿದ್ದ ದರ್ಜಿ. “ನಾನೇನು ಮಗ್ಗವಾ?”

ಆಗ ಅವಳಿಗೆ ನೆನಪಾಗಿ ದನಿ ಹಾಕುತ್ತಿದ್ದಳು, ಮೂರು ಮನೆಗೆ ಕೇಳುವಂತೆ. “ಈಗ ಸರಿಹೋಯ್ತು, ಊರಿಗೆಲ್ಲ ಗೊತ್ತಾಯ್ತು,” ಅಂತ ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಸವೆದು ಸವೆದು ನಗು ತರಿಸುವುದನ್ನೂ ಬಿಟ್ಟಿತ್ತು. ಆದರೂ ಅವನು ಹೇಳುವುದನ್ನು ಬಿಟ್ಟಿರಲಿಲ್ಲ.

ಅವಳನ್ನು ದೂರಿ ಪ್ರಯೋಜನವಿಲ್ಲ. ಹದಿನೇಳನೇ ವಯಸ್ಸಿಗೆ ನೇಯ್ಗೆ ಗಿರಣಿಗೆ ಸೇರಿದವಳು, ಈಗ ನಲವತ್ತೆಂಟು. ಅರವತ್ತು ಮಗ್ಗಗಳ ಶೆಡ್ಡು ಅದು. ಒಂದು ಮಗ್ಗದ ಲಾಳಿ ನಿಮಿಷಕ್ಕೆ ಇನ್ನೂರು ಸಲ ಈ ಕಡೆಯಿಂದ ಆ ಕಡೆಗೆ ಬಡಿದುಕೊಂಡು ಓಡುತ್ತದೆ. ಅಂಥ ಅರವತ್ತು ಮಗ್ಗ ಒಟ್ಟಿಗೆ ನಡೆದರೆ ಏನಾಗುತ್ತದೆಂದು ಲೆಕ್ಕ ಹಾಕಬೇಕಿಲ್ಲ, ಬಾಗಿಲಲ್ಲಿ ಒಂದು ಗಳಿಗೆ ನಿಂತರೆ ಹಲ್ಲಿನ ಬುಡದವರೆಗೆ ತಿಳಿಯುತ್ತದೆ. ಮಗ್ಗಕ್ಕೆ ಚಕ್ರ ಜೋಡಿಸಿದ ಪುಣ್ಯಾತ್ಮ ಯಾರೋ, ದಿನಕ್ಕೆ ಎಷ್ಟು ಗಜ ಬಟ್ಟೆ ಬರುತ್ತದೆಂದು ಸರಿಯಾಗಿ ಲೆಕ್ಕ ಹಾಕಿದ್ದ. ಲೋಕವೆಲ್ಲ ಅವನ ದಯದಿಂದ ಮೈತುಂಬ ಬಟ್ಟೆ ಉಟ್ಟಿತು, ನಿಜ. ಆ ಸದ್ದಿನಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ಕರೆಯಬೇಕು ಅನ್ನುವುದನ್ನು ಮಾತ್ರ ಅವನು ಯೋಚಿಸಿದ ಹಾಗೆ ಕಾಣುವುದಿಲ್ಲ.

ಅದನ್ನು ಹೆಂಗಸರೇ ಯೋಚಿಸಿದರು. ಶೆಡ್ಡಿನಲ್ಲಿ ಯಾರೂ ದನಿ ಹಾಕುವುದಿಲ್ಲ. ತುಟಿಯನ್ನು ಅಗಲಿಸಿ, ಅಕ್ಷರ ಅಕ್ಷರ ಬಿಡಿಸಿ, ಬರೀ ಆಕಾರದಲ್ಲಿ ಮಾತಾಡುತ್ತಾರೆ. ಎದುರಿನವರು ಕಣ್ಣಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಇಪ್ಪತ್ತು ಮಗ್ಗ ದಾಟಿ ಆ ಕೊನೆಯಲ್ಲಿರುವವಳ ಹತ್ತಿರ ಗುಟ್ಟು ಹೇಳಬಹುದು, ನಡುವೆ ನಿಂತವಳಿಗೂ ಗಾಳಿಗೂ ಗೊತ್ತಾಗುವುದಿಲ್ಲ. ಬೆನ್ನು ಮಾಡಿ ನಿಂತವಳನ್ನು ಕರೆಯಬೇಕಾದರೆ ಏಪ್ರನ್ನಿನ ಜೇಬಿನಿಂದ ಖಾಲಿ ಕಂಡಿಕೆ ತೆಗೆದು ಅವಳ ಕಾಲ ಬಳಿ ಎಸೆಯಬೇಕು. ನೂಲು ಮುಗಿದ ಕಂಡಿಕೆ, ಬೆರಳುದ್ದದ ಮರದ ತುಂಡು. ಅದು ಬಿದ್ದರೆ ಅವಳು ತಿರುಗುತ್ತಾಳೆ. ಹೊಸದಾಗಿ ಬಂದವರು ಮೊದಲ ವಾರ ಕಿರುಚುತ್ತಾರೆ, ಕಿರುಚಿ ಕಿರುಚಿ ಗಂಟಲು ಕಟ್ಟಿ ಕಪ್ಪೆಯಾಗುತ್ತಾರೆ. ಹಳಬರು ಅವರನ್ನು ‘ಕೂಗುಮಾರಿ’ ಅಂತ ಕರೆದು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಎರಡನೇ ವಾರಕ್ಕೆ ಬಾಯಿ ಮುಚ್ಚುತ್ತದೆ, ತುಟಿ ಕಲಿಯುತ್ತದೆ. ದೊಡ್ಡಕ್ಕನನ್ನು ಕೂಗುಮಾರಿ ಅಂದದ್ದು ನಾಲ್ಕೇ ದಿನ. ಆಮೇಲೆ ಮೂವತ್ತೊಂದು ವರ್ಷ ಆ ಗೋಡೆಗಳ ಒಳಗೆ ಅವಳು ಒಂದು ಸಲವೂ ದನಿ ಎತ್ತಿರಲಿಲ್ಲ. ಅದು ಅವಳ ಹೆಮ್ಮೆ.

ಮಗಳು ಶೆಡ್ಡಿಗೆ ಬಂದಾಗಲೂ ಅವಳು ಕಲಿಸಿದ ಮೊದಲ ಪಾಠ ಅದೇ. ಮಗಳಿಗೆ ಹತ್ತೊಂಬತ್ತು. ಅಮ್ಮನ ಹಾಗೆ ಕಿವಿ ಕಳೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿಕೊಂಡು ಬರುವಳು. ಕರೆಂಟು ಹೋಗಿ ಮಗ್ಗ ನಿಂತರೆ ಮಾಡುವ ಮೊದಲ ಕೆಲಸ ಹತ್ತಿ ಕಿತ್ತು ಜೇಬಿಗೆ ಹಾಕುವುದು. “ಆ ನಿಶ್ಶಬ್ದ ಕೇಳೋಕೆ ಎಷ್ಟು ಚೆನ್ನಾಗಿರತ್ತೆ ಗೊತ್ತಾ ಅಮ್ಮ,” ಅನ್ನುವಳು. ದೊಡ್ಡಕ್ಕನಿಗೆ ಅದು ಗೊತ್ತಿರಲಿಲ್ಲ. ಅವಳ ಕಿವಿಯಲ್ಲಿ ಮಗ್ಗ ಎಂದೂ ನಿಲ್ಲುತ್ತಿರಲಿಲ್ಲ, ರಜದ ದಿನವೂ ನಡೆಯುತ್ತಿತ್ತು.

ಮಗಳಿಗೆ ಐದನೇ ಕಂಬದ ಮಗ್ಗ ಕೊಡಿಸಿದವಳೂ ಅವಳೇ. ಮೇಸ್ತ್ರಿಯ ಹಿಂದೆ ಎರಡು ತಿಂಗಳು ಬಿದ್ದು ಕೊಡಿಸಿದ್ದಳು. ಶೆಡ್ಡಿನಲ್ಲೆಲ್ಲ ಅದೇ ಒಳ್ಳೆಯ ಜಾಗ. ಎತ್ತರದ ಕಿಟಕಿಯಿಂದ ಬೆಳಕು ನೇರವಾಗಿ ಬಟ್ಟೆಯ ಮೇಲೆ ಬೀಳುತ್ತದೆ, ಕಡಿದ ಎಳೆ ತಕ್ಷಣ ಕಾಣುತ್ತದೆ, ಕಣ್ಣು ನೋಯುವುದಿಲ್ಲ. ತಾಯಿಯ ಮಗ್ಗಗಳು ಅಲ್ಲಿಂದ ಇಪ್ಪತ್ತು ಹೆಜ್ಜೆ ಈಚೆ. ಬೆಳಕಿಗೆ ಮುಖ ಮಾಡಿ ನಿಂತ ಮಗಳ ಬೆನ್ನು, ಬೆನ್ನಿನ ಮೇಲಿನ ಜಡೆ ಇಡೀ ದಿನ ಅವಳ ಕಣ್ಣೆದುರಿಗೇ ಇರುತ್ತಿತ್ತು.

ಬಿಳಿ ಬಟ್ಟೆಯ ಮೇಲೆ ಕೆಂಪು ಪುಡಿ ಬೀಳುತ್ತಿದೆ ಅಂತ ಮಗಳು ಮೊದಲು ಹೇಳಿದ್ದು ಒಂದು ಸೋಮವಾರ, ಊಟದ ಹೊತ್ತಿನಲ್ಲಿ. ಅಂಗಳದಲ್ಲಿ ಕೂತು ಬುತ್ತಿ ಬಿಚ್ಚುತ್ತ, “ಕುಂಕುಮದ ಹಾಗೆ ಇದೆ ಅಮ್ಮ. ಒರೆಸಿದಷ್ಟೂ ಮತ್ತೆ ಬೀಳತ್ತೆ,” ಅಂದಳು. ಬೆರಳ ತುದಿ ತೋರಿಸಿದಳು. ದೊಡ್ಡಕ್ಕ ಆ ಬೆರಳನ್ನು ಹಿಡಿದು ಮೂಸಿದಳು. ಕಬ್ಬಿಣದ ವಾಸನೆ.

ಶೆಡ್ಡಿನ ಚಾವಣಿಯ ಉದ್ದಕ್ಕೂ ಒಂದು ಉಕ್ಕಿನ ಶಾಫ್ಟು ಹಾದುಹೋಗುತ್ತದೆ, ಆಳಿನ ತೊಡೆಯಷ್ಟು ದಪ್ಪ. ಅದು ತಿರುಗಿದರೆ ಬೆಲ್ಟುಗಳು ತಿರುಗಿ ಅರವತ್ತು ಮಗ್ಗವೂ ಓಡುತ್ತವೆ. ಹಿಂದೆ ಅದನ್ನು ಉಗಿಯ ಎಂಜಿನ್ನು ತಿರುಗಿಸುತ್ತಿತ್ತಂತೆ. ಎಂಜಿನ್ನು ಗುಜರಿಗೆ ಹೋಗಿ ಅದರ ಜಾಗಕ್ಕೆ ಕರೆಂಟಿನ ಮೋಟರು ಬಂತು. ಶಾಫ್ಟು ಮಾತ್ರ ಅದೇ ಉಳಿಯಿತು, ಅದನ್ನು ಕಂಬಕಂಬಕ್ಕೆ ಎತ್ತಿ ಹಿಡಿದ ಎರಕದ ಬ್ರಾಕೆಟ್ಟುಗಳೂ ಅವೇ ಉಳಿದವು. ಅಜ್ಜನ ಬೆನ್ನಿಗೆ ಮೊಮ್ಮಗನ ಕಾಲು ಜೋಡಿಸಿದ ಹಾಗೆ. ಎಂಜಿನ್ನು ನಿಧಾನಕ್ಕೆ ಮೈಮುರಿದು ಎದ್ದು ಹೊರಡುತ್ತಿತ್ತು, ಮೋಟರು ಒಂದೇ ಏಟಿಗೆ ಜಗ್ಗುತ್ತದೆ.

ಆ ಮಧ್ಯಾಹ್ನ ದೊಡ್ಡಕ್ಕ ಮೊದಲ ಸಲ ಕತ್ತೆತ್ತಿ ಐದನೇ ಕಂಬದ ಬ್ರಾಕೆಟ್ಟನ್ನು ಸರಿಯಾಗಿ ನೋಡಿದಳು. ದೂಳು, ಎಣ್ಣೆ, ಜೇಡರ ಬಲೆ. ಎಲ್ಲ ಬ್ರಾಕೆಟ್ಟೂ ಹಾಗೇ ಇದ್ದವು. ಅದೊಂದರ ಕೊರಳಲ್ಲಿ ಮಾತ್ರ ಕೂದಲೆಳೆಯಷ್ಟು ಒಂದು ಕೆಂಪು ಗೆರೆ ಇತ್ತು.

ಮಂಗಳವಾರ ವಿಷಯ ಖಚಿತವಾಯಿತು, ಅದೂ ಮ್ಯಾನೇಜರ ಬಾಯಿಂದಲೇ. ಶೆಡ್ಡಿನ ಒಂದು ತುದಿಯಲ್ಲಿ, ಮೆಟ್ಟಿಲ ಮೇಲೆ, ಅವರ ಗಾಜಿನ ಕೋಣೆ ಇತ್ತು. ಕೆಲಸದವರ ಮೇಲೆ ಕಣ್ಣಿಡಲೆಂದು ಕಟ್ಟಿಸಿದ್ದು. ಗಾಜಿಗೆ ಎರಡು ಮುಖ ಉಂಟೆಂದು ಪಾಪ ಅವರಿಗೆ ಹೊಳೆದಿರಲಿಲ್ಲ. ಅವರ ಹಲ್ಲುನೋವು, ಅವರ ಹೆಂಡತಿ ಮಾತು ಬಿಟ್ಟ ಸಂಗತಿ, ಅವರ ಭಾವಮೈದುನನ ದೂರು, ಎಲ್ಲವೂ ಅರವತ್ತು ಮಗ್ಗದ ಹೆಂಗಸರಿಗೆ ಅವರ ತುಟಿಯಿಂದಲೇ ಬಾಯಿಪಾಠವಾಗಿತ್ತು. ಆ ದಿನ ಗಾಜಿನ ಹಿಂದೆ ಫಿಟ್ಟರು ನಿಂತಿದ್ದ. ಅವನ ಬೆನ್ನು ಶೆಡ್ಡಿನ ಕಡೆಗೆ, ಹಾಗಾಗಿ ಅವನು ಅಂದದ್ದು ಕಾಣಲಿಲ್ಲ. ಅವನ ಕೈ ಮಾತ್ರ ಐದು ಬೆರಳು ಅಗಲಿಸಿ ತೋರಿಸಿತು. ಮ್ಯಾನೇಜರ ಮುಖ ಇತ್ತ ಕಡೆಗಿತ್ತು.

“ಎಷ್ಟು ದಿನದಿಂದ ಬಿರುಕು ಬಿಟ್ಟಿದೆ?” ಅಂದರು ಮ್ಯಾನೇಜರು. ಫಿಟ್ಟರು ಏನೋ ಹೇಳಿದ. “ಶಾಫ್ಟು ಇಳಿಸೋಕೆ ನಾಲ್ಕು ದಿನ ಶೆಡ್ಡು ನಿಲ್ಲಿಸಬೇಕಾ? ಈಗ ಆಗಲ್ಲ. ಈ ಆರ್ಡರು ಹೋಗಲಿ, ಮುಂದಿನ ವಾರ ನೋಡೋಣ. ನೂರು ವರ್ಷ ನಿಂತದ್ದು ಇನ್ನೊಂದು ವಾರ ನಿಲ್ಲಲ್ವಾ?” ಫಿಟ್ಟರು ಮತ್ತೆ ಕೈ ಆಡಿಸಿದ. ಮ್ಯಾನೇಜರು ತಲೆ ಆಡಿಸಿ, “ಯಾರಿಗೂ ಹೇಳಬೇಡ,” ಅಂದರು.

ದೊಡ್ಡಕ್ಕ ಕತ್ತೆತ್ತಿ ಮಗಳ ತಲೆಯ ಮೇಲಿನ ಬ್ರಾಕೆಟ್ಟು ನೋಡಿದಳು. ಅವಳ ಒಂದು ಮಗ್ಗದಲ್ಲಿ ನೂಲು ಮುಗಿದು ಲಾಳಿ ಬರಿದೇ ಓಡುತ್ತಿತ್ತು. ಅದೂ ಅವಳ ಗಮನಕ್ಕೆ ಬರಲಿಲ್ಲ.

ಹತ್ತು ನಿಮಿಷದಲ್ಲಿ ಶೆಡ್ಡಿಗೆಲ್ಲ ಸುದ್ದಿ ಮುಟ್ಟಿತು, ತುಟಿಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ. ಒಂದು ದನಿಯೂ ಏಳಲಿಲ್ಲ. ಮ್ಯಾನೇಜರು ಗಾಜಿನ ಹಿಂದಿನಿಂದ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಆಗಾಗ ಒಬ್ಬೊಬ್ಬರೇ ಕತ್ತೆತ್ತಿ ಮೇಲೆ ನೋಡಿ ಮತ್ತೆ ತಗ್ಗಿಸುತ್ತಿದ್ದರು.

ದೊಡ್ಡಕ್ಕ ಸಂಜೆ ಬಿಡುವ ಹೊತ್ತಿಗೆ ಮೇಸ್ತ್ರಿಯನ್ನು ಗೇಟಿನ ಬಳಿ ಹಿಡಿದಳು. ಅವನೂ ಮಗ್ಗದಲ್ಲಿ ಬೆಳೆದವನೇ, ಅವನಿಗೂ ವಿಷಯ ಗೊತ್ತಾಗಿತ್ತು.

“ಮೇಸ್ತ್ರಿ, ನನ್ನ ಮಗಳನ್ನ ನನ್ನ ಜಾಗಕ್ಕೆ ಹಾಕಿ. ನಾನು ಐದನೇ ಕಂಬಕ್ಕೆ ಹೋಗ್ತೀನಿ.”

“ನೀನು ಹೋದರೆ ಅದು ಬೀಳಲ್ವಾ ದೊಡ್ಡಕ್ಕ?”

“ಬೀಳೋದಾದರೆ ನನ್ನ ಮೇಲೆ ಬೀಳಲಿ. ನಾನು ನೋಡಬೇಕಾದ್ದೆಲ್ಲ ನೋಡಿ ಆಗಿದೆ.”

ಮೇಸ್ತ್ರಿ ಅವಳ ಮುಖ ನೋಡಲಾಗದೆ ನೆಲ ನೋಡಿದ. ಕೆಟ್ಟವನಲ್ಲ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿ ಒದ್ದಾಡುವ ಜೀವ. “ಆಗಲಿ. ಅವಳ ಬಟ್ಟೆಯ ತಾನು ಮುಗಿದು ಇಳಿಯಲಿ, ಬದಲಾಯಿಸ್ತೀನಿ. ನಡುವೆ ಕೈ ಬದಲಾದರೆ ಬಟ್ಟೆ ಏನಾಗತ್ತೆ ಅಂತ ನಿನಗೆ ನಾನು ಹೇಳಿಕೊಡಬೇಕಾ,” ಅಂದ.

ಹೇಳಿಕೊಡಬೇಕಾಗಿರಲಿಲ್ಲ. ಒಂದು ತಾನು, ಅಂದರೆ ಮಗ್ಗದಿಂದ ಇಳಿಯುವ ಒಂದು ಇಡೀ ಸುರುಳಿ ಬಟ್ಟೆ, ಹಿಡಿದವಳೇ ಅದನ್ನು ಮುಗಿಸಬೇಕು ಅನ್ನುವುದು ಶೆಡ್ಡಿನ ಶಾಸ್ತ್ರ. ಎಳೆಯನ್ನು ಬಿಗಿಯುವ ಹದ ಕೈಯಿಂದ ಕೈಗೆ ಬೇರೆ. ನಡುವೆ ಕೈ ಬದಲಾದರೆ ಬಟ್ಟೆಯಲ್ಲಿ ಅಡ್ಡಗೆರೆ ಮೂಡುತ್ತದೆ, ಬಣ್ಣಕ್ಕೆ ಹಾಕಿದ ಮೇಲೆ ಕುರುಡನಿಗೂ ಕಾಣುತ್ತದೆ. ಈ ಮಾತನ್ನು ಹೊಸಬರಿಗೆಲ್ಲ ಕಿವಿ ಹಿಂಡಿ ಕಲಿಸಿದವಳು ದೊಡ್ಡಕ್ಕನೇ. ಈಗ ಅದೇ ಮಾತು ಅವಳ ಮಗಳನ್ನು ಆ ಕಂಬದ ಕೆಳಗೆ ಕಟ್ಟಿಹಾಕಿತು. ಅವಳು ಜಗಳ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಟ್ಟೆ ಕೆಟ್ಟರೆ ಕೆಡಲಿ ಅನ್ನುವ ಮೂರು ಮಾತು ಅವಳ ಬಾಯಿಗೆ ಬರಲಿಲ್ಲ, ಅಷ್ಟೇ.

ಮನೆಯಲ್ಲಿ ಮಗಳನ್ನು ಮೂರು ದಿನ ರಜ ಹಾಕು ಅಂತ ಗೋಗರೆದಳು. ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

“ಮೂರು ದಿನ ಬಿಟ್ಟರೆ ಆ ಮಗ್ಗ ಇನ್ನೊಬ್ಬರ ಪಾಲಾಗತ್ತೆ. ಅರ್ಧ ಬಿಟ್ಟು ಓಡಿಹೋದಳು ದೊಡ್ಡಕ್ಕನ ಮಗಳು ಅಂತ ನಗ್ತಾರೆ. ಇನ್ನು ನೂರಿಪ್ಪತ್ತು ಗಜ ಇದೆ ಅಮ್ಮ. ಶನಿವಾರ ಮಧ್ಯಾಹ್ನಕ್ಕೆ ಇಳಿಸಿಬಿಡ್ತೀನಿ.”

“ಏನಂತೆ?” ಅಂತ ದರ್ಜಿ ಕಿಟಕಿಯ ಬಳಿಯಿಂದ ಕೇಳಿದ. ದೊಡ್ಡಕ್ಕ ಎಲ್ಲವನ್ನೂ ಹೇಳಿದಳು. ಅವನು ಇತ್ತ ತಿರುಗದೆ, “ದನಿ ಹಾಕೇ,” ಅಂದ.

ಬುಧವಾರ ಎಂಬತ್ತೈದು ಗಜ ಉಳಿಯಿತು. ಗುರುವಾರ ಐವತ್ತು. ಎಷ್ಟು ಸಲ ಕೈಯಾಡಿಸಿದರೂ ಬಟ್ಟೆಯ ಮೇಲೆ ಮತ್ತೆ ಕೆಂಪು ಕೂರುತ್ತಿತ್ತು. ಶುಕ್ರವಾರ ಒಂದು ಎಳೆ ಪದೇಪದೇ ಕಡಿಯಿತು, ಕೆಲಸ ಹಿಂದೆ ಬಿತ್ತು, ಸಂಜೆ ಇಪ್ಪತ್ತೈದು ಗಜ ಉಳಿಯಿತು. ದೊಡ್ಡಕ್ಕ ಆ ವಾರವೆಲ್ಲ ತನ್ನ ನಾಲ್ಕು ಮಗ್ಗಗಳನ್ನು ಕೈಯಿಂದ ನಡೆಸಿದಳು, ಕಣ್ಣಿನಿಂದಲ್ಲ. ಕಣ್ಣು ಆ ಗೆರೆಯ ಮೇಲಿತ್ತು. ಮೊದಲು ಕೂದಲೆಳೆಯಷ್ಟಿದ್ದದ್ದು ಶುಕ್ರವಾರ ಸಂಜೆ ಹೊಲಿಗೆ ದಾರದಷ್ಟಾಗಿತ್ತು. ಬೇರೆಯವರು, ಹಾಗೇನಿಲ್ಲ, ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ ಅಂದರು. ದರ್ಜಿಯ ಹೆಂಡತಿಗೆ ದಾರದ ದಪ್ಪ ಗೊತ್ತಿರುವುದಿಲ್ಲವೇ?

ಶನಿವಾರ ಹನ್ನೊಂದೂಮುಕ್ಕಾಲಿಗೆ ಕರೆಂಟು ಹೋಯಿತು.

ಮೋಟರು ಉಸಿರು ಬಿಟ್ಟಿತು. ಶಾಫ್ಟು ಇನ್ನೂ ಸ್ವಲ್ಪ ಹೊತ್ತು ತನ್ನ ಪಾಡಿಗೆ ತಿರುಗಿ ನಿಂತಿತು. ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಬುಟ್ಟಿ ತಳ್ಳುವವಳು ಸಾಲುಗಳ ನಡುವೆ ಬಂದು ಎಲ್ಲರ ಖಾಲಿ ಕಂಡಿಕೆಗಳನ್ನು ಸುರಿಸಿಕೊಂಡು ಹೋದಳು. ದೊಡ್ಡಕ್ಕನೂ ಜೇಬು ಬರಿದುಮಾಡಿದಳು. ಕೆಲವರು ಅಂಗಳಕ್ಕೆ ಹೋದರು. ಐದನೇ ಕಂಬದ ಸಾಲಿನಲ್ಲಿ ಏಳು ಮಂದಿ ಹೆಂಗಸರು ಮಗ್ಗಗಳಿಗೆ ಒರಗಿ, ಇತ್ತ ಮುಖ ಮಾಡಿ ಹರಟುತ್ತಿದ್ದರು. ಸದ್ದಿಲ್ಲದಿದ್ದರೂ ತುಟಿಯಲ್ಲೇ ಹರಟುತ್ತಿದ್ದರು, ಅಭ್ಯಾಸ. ಮಗಳೊಬ್ಬಳು ಮಾತ್ರ ಬೆಳಕಿಗೆ ಮುಖ ಮಾಡಿ ಬಾಗಿ ಕಡಿದ ಎಳೆಗಳನ್ನು ಗಂಟು ಹಾಕುತ್ತಿದ್ದಳು. ಐದು ಗಜ ಉಳಿದಿತ್ತು. ಕಿವಿಯ ಹತ್ತಿಯನ್ನು ಕಿತ್ತು ಜೇಬಿಗೆ ಹಾಕಿದ್ದನ್ನು ದೊಡ್ಡಕ್ಕ ನೋಡಿದಳು. ಇನ್ನೊಂದು ಗಂಟೆಯಲ್ಲಿ ತಾನು ಇಳಿಯುತ್ತದೆ, ಆಮೇಲೆ ಅಲ್ಲಿ ನಿಲ್ಲುವವಳು ನಾನು ಅಂತ ಲೆಕ್ಕ ಹಾಕಿ, ಐದು ದಿನದಲ್ಲಿ ಮೊದಲ ಸಲ ಅವಳ ಹೆಗಲು ಸಡಿಲಾಯಿತು.

ಕರೆಂಟು ಬಂತು. ಮೋಟರು ಹಚ್ಚುವ ಮುಂಚೆ ಎಚ್ಚರಿಕೆಯ ಗಂಟೆ ಹೊಡೆಯುತ್ತಾರೆ. ಗಂಟೆಗೂ ಮೋಟರಿಗೂ ನಡುವೆ ಹತ್ತು ಎಣಿಸುವಷ್ಟು ಹೊತ್ತು. ಗಂಟೆ ಹೊಡೆಯಿತು. ದೊಡ್ಡಕ್ಕ ಅಭ್ಯಾಸದಂತೆ ಕತ್ತೆತ್ತಿದಳು.

ಆ ಗೆರೆ ಬಾಯಿ ಬಿಟ್ಟಿತ್ತು. ಒಳಗಿನ ಹೊಸ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು, ಕೆಂಪು ಪುಡಿ ಜರಡಿಯಿಂದ ಇಳಿದಂತೆ ಇಳಿಯುತ್ತಿತ್ತು. ಮಗಳು ತಲೆ ಎತ್ತದೆ ಅದನ್ನು ಬಟ್ಟೆಯಿಂದ ಕೈಯಲ್ಲಿ ಸರಿಸಿದಳು.

ದೊಡ್ಡಕ್ಕನ ಕೈ ಜೇಬಿಗೆ ಹೋಯಿತು. ಕಂಡಿಕೆ ಇರಲಿಲ್ಲ. ಕೂಗಿದಳು. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಗಂಟಲು ಹರಿಯುವಂತೆ, ಓಡು ಮಗಳೇ ಓಡು, ಮೇಲೆ ನೋಡು, ಅಲ್ಲಿಂದ ಓಡು ಅಂತ ಕೂಗಿದಳು. ಕೂಗುತ್ತಲೇ ಓಡಿದಳು. ಎದುರಿಗಿದ್ದ ಏಳು ಹೆಂಗಸರು ಅವಳ ಮುಖ ನೋಡಿದವರೇ ಬೆಚ್ಚಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಗೋಡೆಯ ಕಡೆಗೆ ಹಾರಿದರು. ಮಗಳು ತಿರುಗಲಿಲ್ಲ. ಕೊನೆಯ ಗಂಟನ್ನು ಬಿಗಿದು, ಉಳಿದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತಿದ್ದಳು. ದೊಡ್ಡಕ್ಕನಿಗೆ ಇನ್ನು ಆರು ಹೆಜ್ಜೆ ಇತ್ತು, ಮೋಟರು ಜಗ್ಗಿತು.

ಆ ಏಳು ಮಂದಿಯಲ್ಲಿ ಯಾರಿಗೂ ಒಂದು ಗೀರೂ ಆಗಲಿಲ್ಲ. ಅವರು ಅದೇ ದಿನ, ಮಾರನೆಯ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ದೊಡ್ಡಕ್ಕನ ಕೈ ಹಿಡಿದು ಅತ್ತರು. “ನೀನು ಕೂಗಿದ್ದಕ್ಕೆ ನಾವು ಬದುಕಿದ್ವಿ ದೊಡ್ಡಕ್ಕ. ಎಂಥ ಕೂಗು ಅದು, ಇನ್ನೂ ಕಿವೀಲಿದೆ,” ಅಂದರು. ತನಿಖೆಗೆ ಬಂದವರ ಮುಂದೆಯೂ ಹಾಗೇ ಹೇಳಿದರು. ಸುಳ್ಳು ಹೇಳಿದ್ದಲ್ಲ. ಅವರಿಗೆ ಕೇಳಿಸಿತ್ತು.

ಮಗಳು ಬದುಕಿದಳು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಎರಡೂ ಕೈಗೆ ಪಟ್ಟಿ. ಮುಖಕ್ಕೆ ಮುರಿದ ಬ್ರಾಕೆಟ್ಟಿನ ತುಂಡುಗಳು ಸಿಡಿದದ್ದರಿಂದ ಹಣೆಯಿಂದ ಮೂಗಿನವರೆಗೆ ಹತ್ತಿ ಇಟ್ಟು ಕಟ್ಟಿದ್ದರು. ಕಣ್ಣಿನ ವಿಷಯ ವಾರ ಕಳೆದ ಮೇಲೆ ಹೇಳುತ್ತೇವೆ ಅಂದರು ಡಾಕ್ಟರು. ಮುಟ್ಟಬೇಡಿ, ಅಲುಗಿಸಬೇಡಿ, ಬೇಕಾದರೆ ಹತ್ತಿರ ಕೂತು ಮಾತಾಡಿ ಅಂದರು.

ಮೂರನೇ ದಿನ ಬೆಳಿಗ್ಗೆ ಒಳಗೆ ಬಿಟ್ಟರು. ದೊಡ್ಡಕ್ಕ ಸ್ಟೂಲು ಎಳೆದುಕೊಂಡು ತಲೆಯ ಹತ್ತಿರ ಕೂತಳು. ಮಾತಾಡಿದಳು. ನಾನಿದ್ದೀನಿ ಮಗಳೇ ಅಂದಳು. ನಿನ್ನ ಅಪ್ಪ ಬರ್ತಾರೆ, ಮೆತ್ತಗಿನ ಬಟ್ಟೆ ಹೊಲಿದು ತರ್ತಾರೆ ಅಂದಳು. ಆ ಜಾಗ ಕೊಡಿಸಿದ್ದು ನಾನು, ಆ ತಾನನ್ನ ಅಲ್ಲೇ ಕತ್ತರಿಸಿ ಎಸೀಬೇಕಿತ್ತು, ತಪ್ಪು ನಂದು ಅಂದಳು. ನಾನು ಕೂಗಿದೆ, ನೀನು ತಿರುಗಲಿಲ್ಲ, ಯಾಕೆ ತಿರುಗಲಿಲ್ಲ ಅಂದಳು. ಮಗಳು ಒಂದಕ್ಕೂ ಉತ್ತರ ಕೊಡಲಿಲ್ಲ. ಕೋಪ ಇರುತ್ತದೆ, ಇರಲಿ ಅಂದುಕೊಂಡಳು. ಒಂದು ಗಂಟೆ ಹಾಗೆ ಮಾತಾಡಿದಳು.

ದರ್ಜಿ ಬಂದ. ಕೈಯಲ್ಲಿ ಬಟ್ಟೆಯ ಗಂಟು. ಅವನ ಚಪ್ಪಲಿಯ ಸದ್ದಿಗೆ ಮಗಳ ತುಟಿ ಅಲುಗಿತು. ಮುಖದಲ್ಲಿ ಕಾಣುತ್ತಿದ್ದದ್ದು ತುಟಿ ಮಾತ್ರ, ದೊಡ್ಡಕ್ಕ ಅದನ್ನು ಓದಿದಳು.

“ಅಪ್ಪಾ?”

“ಹೂಂ ಮಗಾ.”

“ಅಮ್ಮ ಎಲ್ಲಿ? ಅಮ್ಮನಿಗೂ ಏನಾದರೂ ಆಯ್ತಾ?”

ದರ್ಜಿ ಹೆಂಡತಿಯ ಕಡೆ ನೋಡಿದ. ಇಲ್ಲೇ ಇದ್ದೀನಲ್ಲ ಮಗಳೇ, ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ ಅಂದಳು ದೊಡ್ಡಕ್ಕ.

“ಯಾಕಪ್ಪಾ ಸುಮ್ಮನಿದೀಯ? ನನ್ನ ಹತ್ತಿರ ಮುಚ್ಚಿಡಬೇಡ. ಬೆಳಿಗ್ಗೆಯಿಂದ ಒಬ್ಬಳೇ ಬಿದ್ದಿದೀನಿ.” ತುಟಿ ಒದ್ದೆ ಮಾಡಿಕೊಂಡಳು. “ಅವತ್ತು ಎಷ್ಟು ನಿಶ್ಶಬ್ದ ಇತ್ತು ಗೊತ್ತಾ ಅಪ್ಪ. ಹತ್ತಿ ತೆಗೆದಿದ್ದೆ. ಗಂಟೆ ಕೇಳಿಸ್ತು, ಯಾರೋ ಓಡೋ ಹೆಜ್ಜೆ ಕೇಳಿಸ್ತು. ಒಬ್ಬರಾದರೂ ಒಂದು ಸಲ ಕರೆದಿದ್ದರೆ ಸಾಕಿತ್ತು.”

ದರ್ಜಿ ಬಟ್ಟೆಯ ಗಂಟನ್ನು ನೆಲದ ಮೇಲಿಟ್ಟ. ಹೆಂಡತಿಯ ಹತ್ತಿರ ಬಂದು, ತುಂಬ ಮೆಲ್ಲಗೆ, ಅವಳಿಗೆ ಕಾಣುವ ಹಾಗೆ ತುಟಿ ಬಿಡಿಸಿ ಅಂದ, “ದನಿ ಹಾಕೇ.”

ದೊಡ್ಡಕ್ಕ ಅಂಗೈಯನ್ನು ಗಂಟಲ ಮೇಲಿಟ್ಟುಕೊಂಡಳು. ನಾನಿದ್ದೀನಿ ಅಂದಳು. ಅಂಗೈಯ ಕೆಳಗೆ ಏನೂ ಕಂಪಿಸಲಿಲ್ಲ. ಇನ್ನೊಂದು ಸಲ ಅಂದಳು. ಏನೂ ಇಲ್ಲ. ಆ ಹತ್ತು ಎಣಿಕೆಯ ಹೊತ್ತು ಆಗ ಅವಳ ಕಣ್ಣ ಮುಂದೆ ಬಂದು ನಿಂತಿತು. ನಿಂತ ಅರವತ್ತು ಮಗ್ಗ, ಗಾಳಿ ಕೂಡ ಆಡದ ಶೆಡ್ಡು, ತೆರೆದ ಕಿವಿಯ ಮಗಳು, ಅವಳ ಬೆನ್ನ ಹಿಂದೆ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಓಡಿಬರುತ್ತಿದ್ದ ತಾನು. ಅಂಗೈಯನ್ನು ಗಂಟಲಿಗೆ ಒತ್ತಿದಳು.

“ಮಗಳೇ,” ಅಂದಳು. ಒಡಕು ದನಿ, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ದೊಡ್ಡದು.

ಮಗಳ ಮುಖ ಆ ಕಡೆಗೆ ಹೊರಳಿತು. ಹತ್ತಿಯ ಕೆಳಗಿನ ತುಟಿಯಲ್ಲಿ ಸಮಾಧಾನ ಮೂಡಿತು.

“ಈಗ ಬಂದ್ಯಾ ಅಮ್ಮ?”

“ಹೂಂ ಮಗಳೇ,” ಅಂದಳು ದೊಡ್ಡಕ್ಕ, ಅಂಗೈಯನ್ನು ಗಂಟಲಿನಿಂದ ತೆಗೆಯದೆ. “ಈಗ ಬಂದೆ.”